ಆನಿ ಟೀಚರ್ ಕಳೆದ ಮೊದಲ 33 ದಿನ

ಹೆಲೆನ್ ಕೆಲರ್ ಹೆಸರು ಕೇಳದವರು ನಮ್ಮ ಕ್ಯಾಂಪಸ್‌ನಲ್ಲಿ ಇರಲಿಕ್ಕಿಲ್ಲ. ಕಣ್ಣು ಕಾಣದ, ಕಿವಿ ಕೇಳದ ಹುಡುಗಿ ಡಿಗ್ರಿ ಮಾಡಿದಳು, ಪುಸ್ತಕ ಬರೆದಳು, ಜಗತ್ತು ಸುತ್ತಿದಳು ಅಂತ ಶಾಲೆಯಲ್ಲೇ ಓದಿದ್ದೇವೆ. ಆ ಕಥೆಯಲ್ಲಿ ಅರ್ಧ ಸಾಲಿನಲ್ಲಿ ಬಂದು ಹೋಗುವ ಟೀಚರ್ ಒಬ್ಬರಿದ್ದಾರೆ: ಆನಿ ಸಲಿವನ್. ಈ ಸಲದ ವ್ಯಕ್ತಿ ಪರಿಚಯಕ್ಕೆ ನಾವು ಆರಿಸಿಕೊಂಡಿರೋದು ಅವರನ್ನೇ.

ಕಾರಣ ನಮ್ಮ ಕಡೆಯದ್ದೇ. ಕ್ಲಬ್ಬಿನಲ್ಲಿ ಸಕಲೇಶಪುರ, ಆಲೂರು ಕಡೆಯವರು ಹಲವರಿದ್ದೇವೆ. ಅಲ್ಲಿ ವಿಶೇಷ ಶಿಕ್ಷಕರ ಕೆಲಸ ಹೇಗಿರುತ್ತೆ ಅಂತ ಹತ್ತಿರದಿಂದ ಬಲ್ಲೆವು. ಅವರು ಒಂದೇ ಶಾಲೆಯಲ್ಲಿ ಕೂರುವಂತಿಲ್ಲ, ಶಾಲೆಯಿಂದ ಶಾಲೆಗೆ ಓಡಾಡಬೇಕು. ಶಾಲೆಗೆ ಬರಲಾಗದ ಮಕ್ಕಳಿದ್ದರೆ ಮನೆಗೇ ಹೋಗಿ ಕಲಿಸಬೇಕು, ಅದಕ್ಕೆ ಗೃಹಾಧಾರಿತ ಶಿಕ್ಷಣ ಅಂತ ಹೆಸರು. ಬಸ್ ಇಳಿದು ಕಾಫಿ ತೋಟದ ರಸ್ತೆಯಲ್ಲಿ ನಡೀಬೇಕು. ಜೂನ್ ಬಂದ್ರೆ ಬಿಡದ ಮಳೆ. ಆ ಕಡೆ ಆನೆ ಬಂದಿದೆ ಅಂತ ಸುದ್ದಿ ಬಂದರೆ ಅರ್ಧ ದಾರಿಯಿಂದ ವಾಪಸ್. ಇಷ್ಟೆಲ್ಲ ದಾಟಿ ಲೈನ್ ಮನೆಯ ಬಾಗಿಲಿಗೆ ಹೋದರೆ, ಒಳಗಿರುವ ಮಗು ಟೀಚರ್ ಕೈ ಕಚ್ಚಬಹುದು, ಊಟದ ತಟ್ಟೆ ಎಸೆಯಬಹುದು, ಗಂಟೆಗಟ್ಟಲೆ ಕಿರುಚಬಹುದು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ವಾರ ಎದುರಾಗುವ ಪ್ರಶ್ನೆ ಬ್ರೈಲ್‌ದೂ ಅಲ್ಲ, ಸನ್ನೆ ಭಾಷೆಯದೂ ಅಲ್ಲ. ಈ ಮಗುವನ್ನು ಸಂಭಾಳಿಸೋದು ಹೇಗೆ ಅನ್ನೋದು.

1887ರ ಮಾರ್ಚ್‌ನಲ್ಲಿ, ಇನ್ನೂ 21 ತುಂಬದ ಆನಿಗೆ ಎದುರಾಗಿದ್ದೂ ಇದೇ ಪ್ರಶ್ನೆ.

ಶಾಲೆಯಿಂದ ಹೊರಹಾಕಬೇಕಾಗಿದ್ದ ಹುಡುಗಿ

ಆನಿ ಹುಟ್ಟಿದ್ದು 1866ರ ಏಪ್ರಿಲ್ 14ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಅಪ್ಪ ಅಮ್ಮ ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದವರು. ಐದನೇ ವಯಸ್ಸಿನ ಹೊತ್ತಿಗೆ ಅವಳಿಗೆ ಟ್ರಕೋಮಾ ಎಂಬ ಕಣ್ಣಿನ ಸೋಂಕು ತಗುಲಿ ದೃಷ್ಟಿ ಮಂಜಾಯಿತು. ಎಂಟು ವರ್ಷದವಳಿದ್ದಾಗ ಅಮ್ಮ ಕ್ಷಯದಿಂದ ತೀರಿಕೊಂಡರು, ಅಪ್ಪ ಕೈಬಿಟ್ಟ. 1876ರ ಫೆಬ್ರವರಿಯಲ್ಲಿ ಅವಳನ್ನೂ ತಮ್ಮ ಜಿಮ್ಮಿಯನ್ನೂ ಟ್ಯೂಕ್ಸ್‌ಬರಿ ಎಂಬ ಊರಿನ ಸರ್ಕಾರಿ ನಿರ್ಗತಿಕರ ಕೇಂದ್ರಕ್ಕೆ ಸೇರಿಸಿದರು. ರೋಗಿಗಳು, ಮಾನಸಿಕ ಅಸ್ವಸ್ಥರು, ದಿಕ್ಕಿಲ್ಲದ ಮಕ್ಕಳು ಎಲ್ಲರನ್ನೂ ಒಟ್ಟಿಗೆ ತುಂಬಿದ್ದ ಜಾಗ ಅದು. ಕೆಲವೇ ತಿಂಗಳಲ್ಲಿ ಜಿಮ್ಮಿ ಸತ್ತುಹೋದ. ಆನಿ ಅಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಉಳಿದಳು.

1880ರಲ್ಲಿ ತಪಾಸಣೆಗೆ ಅಧಿಕಾರಿಗಳು ಬಂದಾಗ, ಕಣ್ಣು ಸರಿಯಾಗಿ ಕಾಣದ ಆ ಹುಡುಗಿ ಅವರ ಹಿಂದೆಯೇ ಹೋಗಿ, ಕೊನೆಗೆ ಅವರ ನಡುವೆ ನುಗ್ಗಿ, ತನಗೆ ಶಾಲೆಗೆ ಹೋಗಬೇಕು ಅಂತ ಅತ್ತಳು. ಆ ಅಕ್ಟೋಬರ್‌ನಲ್ಲಿ ಬಾಸ್ಟನ್‌ನ ಪರ್ಕಿನ್ಸ್ ಅಂಧರ ಶಾಲೆ ಸೇರಿದಳು. ವಯಸ್ಸು 14, ಓದಲು ಬರೆಯಲು ಬಾರದು. ಜೊತೆಯವರು ನಕ್ಕರೆ ಜಗಳ, ಟೀಚರ್ ಗದರಿದರೆ ಎದುರುತ್ತರ. ಶಾಲೆಯಿಂದ ಹೊರಹಾಕುವ ಮಾತೂ ಬಂದಿತ್ತು. ಆದರೆ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ಸೋಫಿಯಾ ಹಾಪ್ಕಿನ್ಸ್ ಅವಳನ್ನು ಮಗಳಂತೆ ಹಚ್ಚಿಕೊಂಡರು. ಶಸ್ತ್ರಚಿಕಿತ್ಸೆಗಳಿಂದ ಕಣ್ಣು ಸುಧಾರಿಸಿ, ಅಚ್ಚಾದ ಅಕ್ಷರ ಓದುವಷ್ಟಾಯಿತು. ಅದೇ ಶಾಲೆಯಲ್ಲಿ ಲಾರಾ ಬ್ರಿಜ್‌ಮನ್ ಎಂಬ, ಕಣ್ಣು ಕಿವಿ ಎರಡೂ ಇಲ್ಲದ ಮಹಿಳೆ ಇದ್ದರು. ಅವರೊಂದಿಗೆ ಮಾತಾಡಲು ಆನಿ ಬೆರಳಕ್ಷರ ಕಲಿತಳು. ಅಂದರೆ ಒಂದೊಂದು ಅಕ್ಷರಕ್ಕೂ ಬೆರಳಿನ ಒಂದೊಂದು ಭಂಗಿ, ಅದನ್ನು ಎದುರಿನವರ ಅಂಗೈಯಲ್ಲಿ ಮೂಡಿಸೋದು. 1886ರಲ್ಲಿ ತರಗತಿಗೇ ಮೊದಲಿಗಳಾಗಿ ಪಾಸಾದಳು.

ಇಲ್ಲಿ ನಮ್ಮ ಬ್ರಾಂಚಿನವರಿಗೆ ಪರಿಚಯದ ಒಬ್ಬರು ಬರುತ್ತಾರೆ. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ವೃತ್ತಿಯಿಂದ ಕಿವುಡ ಮಕ್ಕಳ ಶಿಕ್ಷಕರೂ ಹೌದು. ಅಲಬಾಮಾ ರಾಜ್ಯದ ಟಸ್ಕಂಬಿಯಾ ಊರಿನ ಆರ್ಥರ್ ಕೆಲರ್ ತಮ್ಮ ಮಗಳನ್ನು ಅವರ ಬಳಿ ಕರೆದುಕೊಂಡು ಹೋದಾಗ, ಪರ್ಕಿನ್ಸ್‌ಗೆ ಬರೆದು ಕೇಳಿ ಅಂದವರು ಬೆಲ್. ಪರ್ಕಿನ್ಸ್‌ನ ಮುಖ್ಯಸ್ಥರು ಆರಿಸಿದ್ದು ಆನಿಯನ್ನು. ತಿಂಗಳಿಗೆ 25 ಡಾಲರ್ ಸಂಬಳ.

ಊಟದ ಮನೆಯ ಯುದ್ಧ

1887ರ ಮಾರ್ಚ್ 3ರಂದು ಆನಿ ಟಸ್ಕಂಬಿಯಾದಲ್ಲಿ ರೈಲು ಇಳಿದರು. ಹೆಲೆನ್‌ಗೆ ಆಗ ಆರು ವರ್ಷ ಎಂಟು ತಿಂಗಳು. 19 ತಿಂಗಳ ಕೂಸಾಗಿದ್ದಾಗ ಬಂದ ಜ್ವರ ದೃಷ್ಟಿ, ಶ್ರವಣ ಎರಡನ್ನೂ ಕಿತ್ತುಕೊಂಡಿತ್ತು. ಬುದ್ಧಿ ಚುರುಕು. ಬೇಕು ಬೇಡ ಹೇಳಲು ತಾನೇ ಹತ್ತಾರು ಸನ್ನೆ ಮಾಡಿಕೊಂಡಿದ್ದಳು. ಆ ಸನ್ನೆ ಎದುರಿನವರಿಗೆ ಅರ್ಥವಾಗದೆ ಹೋದರೆ ಸಿಟ್ಟು ನೆತ್ತಿಗೇರುತ್ತಿತ್ತು. ಅಮ್ಮನನ್ನು ಉಗ್ರಾಣದಲ್ಲಿ ಕೂಡಿಹಾಕಿ ಬೀಗ ಹಾಕಿದ್ದಳು, ತಂಗಿ ಮಲಗಿದ್ದ ತೊಟ್ಟಿಲನ್ನು ಮಗುಚಿದ್ದಳು. ಹೊಸ ಟೀಚರನ್ನೂ ಕೋಣೆಯಲ್ಲಿ ಕೂಡಿ ಬೀಗದ ಕೈ ಬಚ್ಚಿಟ್ಟಳು. ಕೊನೆಗೆ ಅಪ್ಪ ಏಣಿ ಹಾಕಿ ಕಿಟಕಿಯಿಂದ ಆನಿಯನ್ನು ಇಳಿಸಬೇಕಾಯಿತು.

ಮನೆಯವರು ಯಾರೂ ತಡೆಯುತ್ತಿರಲಿಲ್ಲ. ಪಾಪ, ಕಣ್ಣಿಲ್ಲ ಕಿವಿಯಿಲ್ಲ, ಏನು ಬೇಕೋ ಮಾಡಿಕೊಳ್ಳಲಿ ಅನ್ನೋ ಭಾವ. ತಿಂಡಿ ಹೊತ್ತಿನಲ್ಲಿ ಹೆಲೆನ್ ಮೇಜಿನ ಸುತ್ತ ತಿರುಗಿ ಎಲ್ಲರ ತಟ್ಟೆಗೂ ಕೈಹಾಕಿ ತಿನ್ನುತ್ತಿದ್ದಳು. ಒಂದು ಬೆಳಿಗ್ಗೆ ಆ ಕೈ ಆನಿಯ ತಟ್ಟೆಗೆ ಬಂತು. ಆನಿ ಬಿಡಲಿಲ್ಲ. ಮನೆಯವರು ಎದ್ದು ಹೊರಗೆ ಹೋದರು, ಆನಿ ಬಾಗಿಲು ಹಾಕಿ ಬೀಗ ಜಡಿದರು. ಹೆಲೆನ್ ನೆಲಕ್ಕೆ ಬಿದ್ದು ಒದ್ದಾಡಿದಳು, ಕುರ್ಚಿ ಎಳೆದಳು, ಚಿವುಟಿದಳು. ಚಿವುಟಿದಾಗಲೆಲ್ಲ ಆನಿ ತಿರುಗಿ ಏಟು ಕೊಟ್ಟರು. ತುತ್ತು ಗಂಟಲಲ್ಲಿ ಇಳಿಯದಿದ್ದರೂ ತಾವು ತಿಂಡಿ ತಿನ್ನುತ್ತಲೇ ಕೂತರು. ಸುತ್ತಲ ಕುರ್ಚಿಗಳೆಲ್ಲ ಖಾಲಿ ಅಂತ ತಡವಿ ತಿಳಿದ ಮೇಲೆ ಹೆಲೆನ್ ಬಂದು ಕೂತಳು. ಚಮಚ ಕೊಟ್ಟರೆ ಎಸೆದಳು, ಆನಿ ಅವಳ ಕೈಯಿಂದಲೇ ಎತ್ತಿಸಿದರು. ಅಂತೂ ತಿಂಡಿ ಮುಗಿದು, ಕರವಸ್ತ್ರ ಮಡಿಸುವ ಜಗಳ ಇನ್ನೊಂದು ಗಂಟೆ ನಡೀತು. ಮಗುವನ್ನು ಬಿಸಿಲಿಗೆ ಬಿಟ್ಟು, ಆನಿ ತಮ್ಮ ಕೋಣೆಗೆ ಹೋಗಿ ಹಾಸಿಗೆ ಮೇಲೆ ಬಿದ್ದು ಅತ್ತರು.

ಒಂದು ಮಾತು ಇಲ್ಲೇ ಹೇಳಬೇಕು. ಹೊಡೆಯುವುದು, ಬಲವಂತವಾಗಿ ಹಿಡಿದು ಕೂರಿಸುವುದು ಇವತ್ತಿನ ವಿಶೇಷ ಶಿಕ್ಷಣ ಒಪ್ಪದ ವಿಷಯ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು ನಿಷೇಧಿಸಿದೆ. ಆನಿಯಿಂದ ಕಲಿಯಬೇಕಾದ್ದು ಆ ಏಟನ್ನಲ್ಲ, ಆಮೇಲೆ ಅವರು ಇಟ್ಟ ಹೆಜ್ಜೆಯನ್ನು.

ತೋಟದ ಪುಟ್ಟ ಮನೆ

ಹೆಲೆನ್ ಹಟ ಮಾಡಿದಾಗಲೆಲ್ಲ ಮನೆಯಲ್ಲಿ ಯಾರಾದರೊಬ್ಬರು ಬಂದು ಬಗ್ಗುತ್ತಿದ್ದರು. ಹಟ ಮಾಡಿದರೆ ಸಿಗುತ್ತೆ ಅನ್ನೋ ಪಾಠವನ್ನು ಅವಳು ಐದು ವರ್ಷದಿಂದ ಚೆನ್ನಾಗಿ ಕಲಿತಿದ್ದಳು. ನಮ್ಮ ಲ್ಯಾಬ್ ಭಾಷೆಯಲ್ಲಿ ಹೇಳೋದಾದ್ರೆ, ಔಟ್‌ಪುಟ್ ಕೆಟ್ಟಿದೆ ಅಂತ ಆನಿ ಮಗುವನ್ನು ದೂರಲಿಲ್ಲ, ಫೀಡ್‌ಬ್ಯಾಕ್ ಎಲ್ಲಿಂದ ಬರ್ತಿದೆ ಅಂತ ನೋಡಿದರು. ಜಾಗ ಬದಲಾಯಿಸಲು ಅನುಮತಿ ಕೇಳಿದರು.

ಕೆಲರ್ ಕುಟುಂಬದ ತೋಟದಲ್ಲೇ ಒಂದು ಪುಟ್ಟ ಮನೆಯಿತ್ತು. ಗೊತ್ತಾಗದಿರಲಿ ಅಂತ ಪೀಠೋಪಕರಣಗಳ ಜಾಗ ಬದಲಿಸಿ, ಹೆಲೆನ್‌ಳನ್ನು ಗಾಡಿಯಲ್ಲಿ ಸುತ್ತು ಹಾಕಿಸಿ ಅಲ್ಲಿಗೆ ಕರೆತಂದರು. ಅಪ್ಪ ಅಮ್ಮ ದಿನಾ ಬಂದು ನೋಡಬಹುದು, ಆದರೆ ಅವರು ಬಂದಿದ್ದು ಮಗುವಿಗೆ ತಿಳಿಯಬಾರದು ಅನ್ನೋದು ಷರತ್ತು. ಮೊದಲ ರಾತ್ರಿ ಹಾಸಿಗೆಯಲ್ಲಿ ಮಲಗಿಸಲು ಎರಡು ಗಂಟೆ ಹೆಣಗಾಟ. ಆಮೇಲಾಮೇಲೆ ಹೆಲೆನ್ ತಣ್ಣಗಾದಳು. ಮಣಿ ಪೋಣಿಸಿದಳು, ಹೆಣಿಗೆ ಕಲಿತಳು, ಅಂಗೈಯಲ್ಲಿ ಮೂಡಿದ ಅಕ್ಷರಗಳನ್ನು ಹಾಗೇ ತಿರುಗಿ ಬರೆಯತೊಡಗಿದಳು. ಅರ್ಥ ಮಾತ್ರ ಗೊತ್ತಿಲ್ಲ. ಒಂದು ದಿನ ಅಪ್ಪನ ಜೊತೆ ಬಂದ ನಾಯಿಯ ಪಂಜ ಹಿಡಿದು, ಗೊಂಬೆ ಅನ್ನೋ ಪದದ ಅಕ್ಷರಗಳನ್ನು ಅದಕ್ಕೆ ಕಲಿಸಲು ಕೂತಳು!

ಎರಡು ವಾರ ಕಳೆದು ದೊಡ್ಡ ಮನೆಗೆ ವಾಪಸ್ ಬಂದ ಕೂಡಲೇ ಮತ್ತೆ ಪರೀಕ್ಷೆ. ಹೆಲೆನ್ ಊಟಕ್ಕೆ ಕೂತು ಕರವಸ್ತ್ರ ಕಿತ್ತೆಸೆದಳು, ಮೇಜು ಒದ್ದಳು. ಆನಿ ತಟ್ಟೆ ತೆಗೆದಿಟ್ಟರು. ತನ್ನ ಮಗುವಿಗೆ ಊಟ ತಪ್ಪಿಸುವಂತಿಲ್ಲ ಅಂತ ಅಪ್ಪ ತಡೆದರು. ಮರುದಿನ ಬೆಳಿಗ್ಗೆ ನೋಡಿದರೆ ಹೆಲೆನ್ ತಾನಾಗಿಯೇ ಕರವಸ್ತ್ರ ಕಟ್ಟಿಕೊಂಡು ಕೂತಿದ್ದಳು. ಆನಿ ಕಲಿಸಿದ ಹಾಗಲ್ಲ, ತನ್ನದೇ ರೀತಿಯಲ್ಲಿ. ಆನಿ ಅದನ್ನು ತಿದ್ದಲಿಲ್ಲ. ಕಟ್ಟಿಕೊಂಡಳಲ್ಲ, ಅಷ್ಟು ಸಾಕು. ಎದ್ದು ಹೋಗುವಾಗ ಹೆಲೆನ್ ಟೀಚರ್ ಕೈ ಮೆಲ್ಲಗೆ ತಟ್ಟಿದಳು.

ಪಂಪಿನ ನೀರು

ಏಪ್ರಿಲ್ 5. ಲೋಟ ಯಾವುದು, ಅದರೊಳಗಿನ ಹಾಲು ಯಾವುದು ಅನ್ನೋದು ಹೆಲೆನ್‌ಗೆ ಗೊಂದಲ. ಆ ಬೆಳಿಗ್ಗೆ ತಾಳ್ಮೆ ಕೆಟ್ಟು ಹೊಸ ಗೊಂಬೆಯನ್ನು ನೆಲಕ್ಕೆ ಅಪ್ಪಳಿಸಿ ಒಡೆದಿದ್ದಳು. ಒಡೆದದ್ದಕ್ಕೆ ಬೇಸರವೂ ಆಗಿರಲಿಲ್ಲ. ಆನಿ ಅವಳನ್ನು ಕೈಪಂಪಿನ ಬಳಿ ಕರೆದುಕೊಂಡು ಹೋಗಿ, ಒಂದು ಕೈಯಲ್ಲಿದ್ದ ಲೋಟಕ್ಕೆ ನೀರು ಬೀಳಿಸುತ್ತಾ, ಇನ್ನೊಂದು ಕೈಗೆ ನೀರು ಅನ್ನೋ ಪದದ ಅಕ್ಷರಗಳನ್ನು ಮತ್ತೆ ಮತ್ತೆ ಬರೆದರು. ಹೆಲೆನ್ ಲೋಟ ಕೈಬಿಟ್ಟು ನಿಂತಳು. ಕೈ ಮೇಲೆ ಹರಿಯುತ್ತಿರುವ ಈ ತಣ್ಣನೆಯದಕ್ಕೆ ಒಂದು ಹೆಸರಿದೆ, ಎಲ್ಲದಕ್ಕೂ ಹೆಸರಿದೆ ಅಂತ ಹೊಳೆದುಬಿಟ್ಟಿತು. ನೆಲ ಮುಟ್ಟಿ ಕೇಳಿದಳು, ಪಂಪು ಮುಟ್ಟಿ ಕೇಳಿದಳು, ಟೀಚರನ್ನು ಮುಟ್ಟಿ ಕೇಳಿದಳು. ಸಂಜೆಯೊಳಗೆ 30 ಪದ.

ಈ ದೃಶ್ಯ ಎಲ್ಲರಿಗೂ ಗೊತ್ತು. ಇದರ ಬೆನ್ನಿಗೇ ನಡೆದದ್ದು ನಮಗೆ ಇನ್ನೂ ದೊಡ್ಡದಾಗಿ ಕಾಣುತ್ತೆ. ಮನೆಯೊಳಗೆ ಬಂದ ಹೆಲೆನ್‌ಗೆ ಒಡೆದ ಗೊಂಬೆ ನೆನಪಾಯಿತು. ತಡವರಿಸಿ ಹೋಗಿ ಚೂರುಗಳನ್ನು ಆಯ್ದು ಜೋಡಿಸಲು ನೋಡಿದಳು, ಆಗಲಿಲ್ಲ. ಅತ್ತಳು. ತಾನು ಮಾಡಿದ್ದಕ್ಕೆ ಅವಳು ಮೊದಲ ಸಲ ಪಶ್ಚಾತ್ತಾಪಪಟ್ಟದ್ದು ಆಗಲೇ. ತಿಂಗಳಿಡೀ ಶಿಸ್ತಿನಿಂದ ಹುಟ್ಟದ ಪಶ್ಚಾತ್ತಾಪ, ಒಂದು ಪದ ಸಿಕ್ಕ ದಿನ ಹುಟ್ಟಿತು. ಮಾತಿಲ್ಲದ ಮಗುವಿಗೆ ಒದೆಯೇ ಮಾತು, ಕಿರುಚಾಟವೇ ಅರ್ಜಿ. ಬೇರೆ ದಾರಿ ಸಿಕ್ಕಿದ ಮೇಲೆ ಅದರ ಅಗತ್ಯ ಕಡಿಮೆಯಾಗುತ್ತಾ ಬಂತು.

ಅಲ್ಲಿಂದಾಚೆಗೆ ಆನಿ ವೇಳಾಪಟ್ಟಿಯ ಪಾಠವನ್ನೇ ಬಿಟ್ಟರು. ಚಿಕ್ಕ ಕೂಸಿನ ಕಿವಿಗೆ ನಾವು ದಿನವಿಡೀ ಮಾತಾಡುವಂತೆ ಹೆಲೆನ್‌ಳ ಅಂಗೈಗೆ ಪೂರ್ತಿ ವಾಕ್ಯಗಳಲ್ಲೇ ಮಾತಾಡಿದರು. ಮರದ ಕೆಳಗೆ ಪಾಠ, ಹೊಳೆ ದಂಡೆಯಲ್ಲಿ ಮಣ್ಣಿನ ಅಣೆಕಟ್ಟು ಕಟ್ಟಿ ಭೂಗೋಳ.

ಉಳಿದ ಬದುಕು

ಇಬ್ಬರೂ ಕೊನೆವರೆಗೂ ಜೊತೆಗಿದ್ದರು. ಹೆಲೆನ್ 1900ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜು ಸೇರಿದಾಗ, ಆನಿ ಪಕ್ಕದಲ್ಲಿ ಕೂತು ಪ್ರತಿ ಲೆಕ್ಚರನ್ನೂ ಅಂಗೈಗೆ ದಾಟಿಸಿದರು, ಪುಸ್ತಕಗಳನ್ನು ಓದಿ ಹೇಳಿದರು. ಮೊದಲೇ ಸೋತಿದ್ದ ಕಣ್ಣು ಇನ್ನಷ್ಟು ಸೋತಿತು. 1904ರಲ್ಲಿ ಪದವಿ ಸಿಕ್ಕಿದ್ದು ಹೆಲೆನ್‌ಗೆ ಮಾತ್ರ. ಟೆಂಪಲ್ ವಿಶ್ವವಿದ್ಯಾಲಯ ಆನಿಗೂ ಗೌರವ ಪದವಿ ಕೊಡಲು ಬಂದಾಗ ಮೊದಲು ಬೇಡ ಅಂದು, 1932ರಲ್ಲಿ ಒಪ್ಪಿಕೊಂಡರು. 1905ರಲ್ಲಿ ಜಾನ್ ಮೇಸಿ ಜೊತೆ ಆದ ಮದುವೆ ಬಹಳ ವರ್ಷ ಬಾಳಲಿಲ್ಲ. ಕೊನೆಗಾಲಕ್ಕೆ ಆನಿಗೆ ಪೂರ್ತಿ ಕುರುಡು ಬಂತು. 1936ರ ಅಕ್ಟೋಬರ್ 20ರಂದು ಅವರು ತೀರಿಕೊಂಡಾಗ ಹೆಲೆನ್ ಪಕ್ಕದಲ್ಲಿದ್ದರು.

ನಮ್ಮ ಬೆಟ್ಟದ ದಾರಿಗೆ

ಟಸ್ಕಂಬಿಯಾದಲ್ಲಿ ಒಂದು ಮಗುವಿಗೆ ಒಬ್ಬ ಟೀಚರ್, ಅದೂ ಇಡೀ ದಿನ. ಆಲೂರಿನ ಟೀಚರ್‌ಗೆ ತೋಟದ ಮನೆಯೂ ಇಲ್ಲ, ಎರಡು ವಾರವೂ ಇಲ್ಲ. ಒಂದು ಮನೆಗೆ ಹೋದರೆ ಒಂದೆರಡು ಗಂಟೆ. ಕಾಫಿ ಕುಯ್ಲಿನ ಕಾಲವಾದರೆ ಅಪ್ಪ ಅಮ್ಮ ಬೆಳಿಗ್ಗೆಯೇ ತೋಟದಲ್ಲಿ, ಮನೆಯಲ್ಲಿ ಅಜ್ಜಿ ಮತ್ತು ಮಗು. ಮನೆಮಾತು ತಮಿಳೋ, ತುಳುವೋ, ಅಸ್ಸಾಮಿಯೋ ಆಗಿರಬಹುದು. ಮಗು ಅತ್ತರೆ ಅಜ್ಜಿ ಬಿಸ್ಕತ್ ಪ್ಯಾಕೆಟ್ ಬಿಚ್ಚುತ್ತಾರೆ. ಕೆಲರ್ ಮನೆಯ ಪಾಪ ಅನ್ನೋ ಭಾವ ಇಲ್ಲೂ ಇದೆ, ಅದರಲ್ಲಿ ಪ್ರೀತಿಯೂ ಇದೆ. ಹಾಗಾಗಿ ಇಲ್ಲಿ ಟೀಚರ್‌ಗೆ ಮೊದಲ ವಿದ್ಯಾರ್ಥಿ ಆ ಅಜ್ಜಿಯೇ. ಅತ್ತಾಗ ಕೊಡಬೇಡಿ, ಕೈತೋರಿಸಿ ಕೇಳಿದಾಗ ತಕ್ಷಣ ಕೊಡಿ ಅನ್ನೋ ಒಂದೇ ನಿಯಮವನ್ನು ಅವರು ಹಿಡಿದರೆ, ಟೀಚರ್ ಇಲ್ಲದ ದಿನವೂ ಪಾಠ ನಡೆಯುತ್ತೆ.

ಇಂದಿನ ತರಬೇತಿಯಲ್ಲಿ ಹೇಳಿಕೊಡುವುದೂ ಇದನ್ನೇ. ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿ: ಗಲಾಟೆಗೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು. ಕೆಲವು ದಿನ ಬರೆದರೆ ಗಲಾಟೆಯ ಹಿಂದಿನ ಬೇಡಿಕೆ ಕಾಣಿಸುತ್ತೆ. ನೀರು ಬೇಕಿತ್ತೋ, ಸದ್ದು ಹೆಚ್ಚಾಯಿತೋ, ಕೆಲಸ ಕಷ್ಟವಾಯಿತೋ. ಆ ಬೇಡಿಕೆಗೆ ಒಂದು ಸನ್ನೆ ಅಥವಾ ಚಿತ್ರದ ಕಾರ್ಡ್ ಕೊಡಬೇಕು.

ಫೈನಲ್ ಇಯರ್ ಬಂದ್ರೆ ನಮ್ಮಲ್ಲಿ ಮಾತು ಬಾರದವರಿಗಾಗಿ ಸೆನ್ಸರ್ ಗ್ಲೌಸ್ ಮಾಡುವ ಪ್ರಾಜೆಕ್ಟ್ ಇದ್ದೇ ಇರುತ್ತೆ. ಒಳ್ಳೆಯ ಕೆಲಸವೇ. ಸಿನಾಪ್ಸಿಸ್ ಬರೆಯೋ ಮುಂಚೆ ಅನುಮತಿ ಕೇಳಿ ಒಬ್ಬ ವಿಶೇಷ ಶಿಕ್ಷಕರ ಜೊತೆ ಒಂದು ದಿನ ಓಡಾಡೋಣ, ಅವರ ಮೂರು ಕಾಲಂಗಳನ್ನು ಓದೋಣ. ಆ ಗ್ಲೌಸನ್ನು ಮಗು ಕೈಗೆ ಹಾಕಿಸಿಕೊಳ್ಳುತ್ತೋ, ಕಿತ್ತೆಸೆಯುತ್ತೋ, ಎಸೆದರೆ ಯಾಕೆ ಅನ್ನೋದು ಅವರಿಗೆ ನಮಗಿಂತ ಮೊದಲೇ ಗೊತ್ತಿರುತ್ತೆ.