ಹರಾಜನ್ನು ತಡೆದ ಗವರ್ನರ್ ಫ್ಲಾಯ್ಡ್ ಓಲ್ಸನ್

ಮಿನೆಸೋಟ ಎಂಬುದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಉತ್ತರದ ಗಡಿಯಲ್ಲಿರುವ ರಾಜ್ಯ. ಗೋಧಿ, ಹೈನು, ಕಬ್ಬಿಣದ ಅದಿರುಗಳ ನಾಡು. ಅಲ್ಲಿಯ ಗವರ್ನರನನ್ನು ನಮ್ಮ ರಾಜ್ಯಪಾಲರಂತೆ ಮೇಲಿನವರು ನೇಮಿಸುವುದಿಲ್ಲ. ಜನರೇ ಮತಕೊಟ್ಟು ಆರಿಸುತ್ತಾರೆ. ಅಧಿಕಾರದಲ್ಲಿ ಆತ ನಮ್ಮ ಮುಖ್ಯಮಂತ್ರಿಗೆ ಸಮಾನನು. ೧೯೩೧ರಿಂದ ೧೯೩೬ರವರೆಗೆ ಆ ಪದವಿಯಲ್ಲಿದ್ದ ಫ್ಲಾಯ್ಡ್ ಓಲ್ಸನ್ನನ ಹೆಸರು ಆ ನಾಡಿನ ಚರಿತ್ರೆಯಲ್ಲಿ ಮನೆಮಾತು. ಸಾಲಕ್ಕೆ ಅಡವಿಟ್ಟ ಮನೆಗಳೂ ಹೊಲಗಳೂ ದಿನನಿತ್ಯ ಹರಾಜಾಗುತ್ತಿದ್ದ ಕಾಲದಲ್ಲಿ ಆ ಹರಾಜನ್ನು ಒಂದು ಘೋಷಣೆಯಿಂದ ನಿಲ್ಲಿಸಿದವನು ಆತ.

ಓಲ್ಸನ್ ಜನಿಸಿದುದು ೧೮೯೧ನೆಯ ಇಸವಿ ನವೆಂಬರ್ ೧೩ರಂದು, ಮಿನಿಯಾಪೊಲಿಸ್ ನಗರದ ಉತ್ತರ ಭಾಗದ ಬಡಕೇರಿಯಲ್ಲಿ. ತಂದೆ ನಾರ್ವೆಯಿಂದಲೂ ತಾಯಿ ಸ್ವೀಡನ್ನಿನಿಂದಲೂ ವಲಸೆ ಬಂದವರು. ತಂದೆಗೆ ರೈಲ್ವೆಯಲ್ಲಿ ಕೆಲಸ. ನೆರೆಹೊರೆಯವರಲ್ಲಿ ಬಹುಮಂದಿ ಯೆಹೂದ್ಯರು. ಶನಿವಾರದ ವಿಶ್ರಾಂತಿದಿನದಲ್ಲಿ ಬೆಂಕಿ ಹೊತ್ತಿಸುವುದು ಅವರಿಗೆ ನಿಷಿದ್ಧ. ಬಾಲಕನಾದ ಓಲ್ಸನ್ ಅವರ ಮನೆಗಳಿಗೆ ಹೋಗಿ ಅಂಥ ಕೆಲಸಗಳನ್ನು ಮಾಡಿಕೊಡುತ್ತ, ಅವರ ಯಿಡ್ಡಿಷ್ ಭಾಷೆಯನ್ನು ಚೆನ್ನಾಗಿ ಕಲಿತನು. ಪರನಾಡಿನಲ್ಲಿ ನೆರೆಯವರ ಮಾತನ್ನು ಕಲಿತವನಿಗೆ ಎಷ್ಟು ಬಾಗಿಲು ತೆರೆಯುತ್ತದೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ವಿಶ್ವವಿದ್ಯಾಲಯದ ಓದು ಒಂದೇ ವರ್ಷಕ್ಕೆ ನಿಂತಿತು. ಪಶ್ಚಿಮಕ್ಕೆ ಹೊರಟುಹೋಗಿ ಕೈಗೆ ಸಿಕ್ಕ ಕೆಲಸ ಮಾಡಿದನು. ಸಿಯಾಟಲ್ ಬಂದರಿನ ಧಕ್ಕೆಯಲ್ಲಿ ಕೂಲಿಯಾಗಿದ್ದನು. ಉಗ್ರವಾದಿ ಕಾರ್ಮಿಕರ ಸಂಘವೊಂದನ್ನು ಸೇರಿದನು. ೧೯೧೩ರಲ್ಲಿ ಹುಟ್ಟೂರಿಗೆ ಮರಳಿ, ರಾತ್ರಿಶಾಲೆಯಲ್ಲಿ ಕಾನೂನು ಓದಿ, ೧೯೧೫ರಲ್ಲಿ ಪದವೀಧರನಾದನು. ೧೯೨೦ರಲ್ಲಿ ಆ ಜಿಲ್ಲೆಯ ಸರ್ಕಾರಿ ವಕೀಲನಾಗಿ ಹತ್ತು ವರ್ಷ ದುಡಿದು, ಲಂಚಕೋರ ನಗರಸಭಾ ಸದಸ್ಯರನ್ನು ಸೆರೆಮನೆಗೆ ಕಳುಹಿಸಿ ಹೆಸರು ಗಳಿಸಿದನು. ೧೯೨೪ರಲ್ಲಿ ಗವರ್ನರ್ ಪದವಿಗೆ ನಿಂತು ಸೋತನು. ೧೯೩೦ರಲ್ಲಿ ರೈತ-ಕಾರ್ಮಿಕ ಪಕ್ಷದಿಂದ ಗೆದ್ದನು.

ಗೆದ್ದ ಗಳಿಗೆ ಒಳ್ಳೆಯದಾಗಿರಲಿಲ್ಲ. ಮೊದಲನೆಯ ಮಹಾಯುದ್ಧದ ಬೆನ್ನಲ್ಲಿ ಎರಡು ಡಾಲರಿಗೂ ಮಿಕ್ಕಿ ಬೆಲೆ ತಂದಿದ್ದ ಒಂದು ಬುಷೆಲ್ ಗೋಧಿ, ಎಂದರೆ ಸುಮಾರು ೨೭ ಕಿಲೋ, ೧೯೩೨ರಲ್ಲಿ ನಲವತ್ತು ಸೆಂಟಿಗೂ ಕೆಳಗಿಳಿಯಿತು. ಬೆಲೆ ಇಳಿಯಿತೇ ಹೊರತು ಸಾಲ ಇಳಿಯಲಿಲ್ಲ. ಎರಡು ಡಾಲರಿನ ಕಾಲದಲ್ಲಿ ಬರೆದುಕೊಟ್ಟ ಪತ್ರಕ್ಕೆ ಈಗ ಐದು ಪಾಲು ಧಾನ್ಯ ಅಳೆಯಬೇಕಾಯಿತು. ನಗರಗಳಲ್ಲಿ ಕೆಲಸ ಹೋದವರು ಮನೆಯ ಕಂತು ಕಟ್ಟಲಾರದೆ ಹೋದರು. ಷೆರೀಫನು, ಎಂದರೆ ನಮ್ಮ ಅಮೀನನಂತೆ ಜಪ್ತಿ ಹರಾಜುಗಳನ್ನು ನಡೆಸುವ ಅಧಿಕಾರಿ, ಊರೂರಿನಲ್ಲಿ ಹರಾಜು ಕೂಗತೊಡಗಿದನು. ರೈತರು ಗುಂಪುಗೂಡಿ ಹೋಗಿ, ಹೊರಗಿನವರು ಸವಾಲು ಹಾಕದಂತೆ ಬೆದರಿಸಿ, ಹಸುವನ್ನೂ ನೇಗಿಲನ್ನೂ ಕೆಲವೇ ಸೆಂಟುಗಳಿಗೆ ಕೊಂಡು ಮೂಲ ಒಡೆಯನಿಗೇ ಹಿಂದಿರುಗಿಸುತ್ತಿದ್ದರು. ನೆರೆಯ ಅಯೋವಾ ರಾಜ್ಯದಲ್ಲಿ ೧೯೩೩ರ ಏಪ್ರಿಲಿನಲ್ಲಿ ನ್ಯಾಯಾಧೀಶನೊಬ್ಬನನ್ನು ಪೀಠದಿಂದಲೇ ಎಳೆದೊಯ್ದು ಕೊರಳಿಗೆ ಹಗ್ಗ ಹಾಕಿ ಹಿಂಸಿಸಿದರು.

ಇದಕ್ಕೆ ಎರಡು ತಿಂಗಳು ಮುಂಚೆ, ಫೆಬ್ರವರಿಯಲ್ಲಿಯೇ, ಶಾಸನಸಭೆಯ ತೀರ್ಮಾನಕ್ಕೆ ಕಾಯದೆ ಓಲ್ಸನ್ ಘೋಷಣೆ ಹೊರಡಿಸಿದ್ದನು: ಸಭೆ ಒಂದು ಕಾಯಿದೆ ಮಾಡುವವರೆಗೆ ಯಾವ ಷೆರೀಫನೂ ಅಡಮಾನದ ಹರಾಜು ನಡೆಸಕೂಡದು. ಹೀಗೆ ಆಜ್ಞಾಪಿಸಲು ಗವರ್ನರನಿಗೆ ಅಧಿಕಾರವಿತ್ತೇ ಎಂಬುದು ಚರ್ಚಾಸ್ಪದವೇ. ಸ್ವತಃ ವಕೀಲನಾಗಿದ್ದ ಆತನಿಗೆ ಇದು ತಿಳಿಯದ ಸಂಗತಿಯಾಗಿರಲಾರದು. ಆದರೆ ಹಗ್ಗ ಹಿಡಿದ ಗುಂಪಿಗಿಂತ ಮುದ್ರೆಯೊತ್ತಿದ ಕಾಗದ ಮೇಲೆಂದು ಆತ ಬಗೆದಂತೆ ಕಾಣುತ್ತದೆ. ಈ ಲೇಖಕನಿಗೂ ಅದು ಸರಿಯೆಂದೇ ತೋರುತ್ತದೆ.

ಏಪ್ರಿಲ್ ೧೮ರಂದು ಕಾಯಿದೆಯೂ ಬಂದಿತು. ಅದು ಸಾಲವನ್ನು ಮನ್ನಾ ಮಾಡಲಿಲ್ಲ, ಬಡ್ಡಿಯನ್ನೂ ಅಳಿಸಲಿಲ್ಲ. ಮಿನೆಸೋಟದಲ್ಲಿ ಹರಾಜಾದ ಮೇಲೂ ಹಣ ಕಟ್ಟಿ ಮನೆಯನ್ನು ಬಿಡಿಸಿಕೊಳ್ಳಲು ಸಾಮಾನ್ಯವಾಗಿ ಒಂದು ವರ್ಷದ ವಾಯಿದೆಯಿತ್ತು. ಸಾಲಗಾರನು ನ್ಯಾಯಾಲಯಕ್ಕೆ ಅರ್ಜಿ ಕೊಟ್ಟರೆ ಆ ವಾಯಿದೆಯನ್ನು ಬೆಳೆಸಬಹುದೆಂದು ಕಾಯಿದೆ ಹೇಳಿತು. ಆದರೆ ೧೯೩೫ನೆಯ ಮೇ ೧ರಿಂದಾಚೆಗೆ ಅಲ್ಲ. ಅದುವರೆಗೆ ಮನೆಯಲ್ಲಿರುವವನು ನ್ಯಾಯವಾದ ಬಾಡಿಗೆಯಷ್ಟು ಹಣವನ್ನು ತಿಂಗಳು ತಿಂಗಳು ಕಟ್ಟಬೇಕು. ಅದು ತೆರಿಗೆ, ವಿಮೆ, ಬಡ್ಡಿ, ಅಸಲುಗಳಿಗೆ ಜಮೆಯಾಗುವುದು. ೨೦೨೦ರ ಮಾರ್ಚಿನಿಂದ ಆಗಸ್ಟಿನವರೆಗೆ ನಮ್ಮ ರಿಸರ್ವ್ ಬ್ಯಾಂಕು ಕಂತುಗಳನ್ನು ಮುಂದೂಡಲು ಅವಕಾಶ ಕೊಟ್ಟಾಗ ಅದನ್ನು ಮನ್ನಾ ಎಂದು ಭ್ರಮಿಸಿ, ಬಡ್ಡಿ ಬೆಳೆದುದನ್ನು ಕಂಡು ಬೆಚ್ಚಿದವರು ಮುಂಬಯಿ ಪುಣೆಗಳಲ್ಲಿ ಕಡಮೆಯಿಲ್ಲ. ಮಿನೆಸೋಟದ ಕಾಯಿದೆಯಲ್ಲಿ ಈ ಭ್ರಮೆಗೆ ಎಡೆಯಿರಲಿಲ್ಲ. ತಡೆಯ ಬೆಲೆ ಪ್ರತಿ ತಿಂಗಳೂ ಕಣ್ಣೆದುರಿಗೇ ಇತ್ತು.

ಈ ಕಾಯಿದೆಯ ಪರೀಕ್ಷೆ ನಡೆದುದು ಮಿನಿಯಾಪೊಲಿಸಿನ ಒಬ್ಬ ಗೃಹಸ್ಥ ದಂಪತಿಗಳ ಮೊಕದ್ದಮೆಯಲ್ಲಿ. ಅವರದು ಹದಿನಾಲ್ಕು ಕೋಣೆಗಳ ಮನೆ. ಮೂರರಲ್ಲಿ ತಾವಿದ್ದು ಉಳಿದುವನ್ನು ಬಾಡಿಗೆಗೆ ಕೊಡುತ್ತಿದ್ದರು. ಸುಮಾರು ೬೦೦೦ ಡಾಲರು ಬೆಲೆಬಾಳುವ ಆ ಮನೆಯನ್ನು ೧೯೩೨ನೆಯ ಮೇ ೨ರಂದು, ಸಾಲ ಕೊಟ್ಟಿದ್ದ ಗೃಹಸಾಲ ಸಂಘವೇ ೩೭೦೦ ಡಾಲರಿಗೆ ಹರಾಜಿನಲ್ಲಿ ಕೊಂಡಿತ್ತು. ತಿಂಗಳಿಗೆ ೪೦ ಡಾಲರು ಕಟ್ಟುವ ಷರತ್ತಿನ ಮೇಲೆ ನ್ಯಾಯಾಲಯ ವಾಯಿದೆಯನ್ನು ಬೆಳೆಸಿತು. ಸಂಘವು ವಾಷಿಂಗ್‌ಟನ್ನಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅಮೆರಿಕಾದ ಸಂವಿಧಾನದಲ್ಲಿ, ಯಾವ ರಾಜ್ಯವೂ ಕರಾರಿನ ಹೊಣೆಯನ್ನು ಕುಗ್ಗಿಸುವ ಕಾನೂನು ಮಾಡಕೂಡದೆಂದು ಸ್ಪಷ್ಟವಾಗಿಯೇ ಇದೆ. ಸಂಘದ ವಾದವನ್ನು ಸಾಹುಕಾರರ ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇಂಥ ಸಂಘಗಳಲ್ಲಿ ಇದ್ದುದು ಸಣ್ಣ ಉಳಿತಾಯಗಾರರ ಹಣ.

೧೯೩೪ನೆಯ ಜನವರಿ ೮ರಂದು ತೀರ್ಪು ಬಂದಿತು. ಐವರು ಒಂದು ಕಡೆ, ನಾಲ್ವರು ಒಂದು ಕಡೆ. ತುರ್ತು ಪರಿಸ್ಥಿತಿಯಲ್ಲಿ, ಮಿತವಾದ ಕಾಲಕ್ಕೆ, ಸಾಲ ಕೊಟ್ಟವನ ಹಿತವನ್ನೂ ಕಾಯ್ದು ಮಾಡಿದ ಏರ್ಪಾಡಾದುದರಿಂದ ಕಾಯಿದೆ ಊರ್ಜಿತವೆಂದು ಮುಖ್ಯ ನ್ಯಾಯಾಧೀಶ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಬಹುಮತದ ಪರವಾಗಿ ಬರೆದನು. ಕಷ್ಟಕಾಲದಲ್ಲಿ ಇಂಥ ಕಾನೂನುಗಳು ಹುಟ್ಟಬಾರದೆಂದೇ ಸಂವಿಧಾನಕಾರರು ಆ ನಿಷೇಧವನ್ನು ಬರೆದಿಟ್ಟರೆಂದು ಭಿನ್ನಮತದ ಸದರ್ಲೆಂಡ್ ವಾದಿಸಿದನು. ಚರಿತ್ರೆಯ ದೃಷ್ಟಿಯಿಂದ ಅವನ ಮಾತಿನಲ್ಲಿ ತೂಕವಿಲ್ಲದಿಲ್ಲ. ಅಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಇಂಥ ಕಾಯಿದೆಗಳನ್ನು ಮಾಡಿದ್ದುವು.

ಆ ವರ್ಷದ ಬೇಸಗೆಯಲ್ಲಿ ಮಿನಿಯಾಪೊಲಿಸಿನ ಲಾರಿ ಕಾರ್ಮಿಕರ ಮುಷ್ಕರದಲ್ಲಿ ರಕ್ತ ಹರಿದಾಗ ಓಲ್ಸನ್ ಸೈನಿಕಾಡಳಿತ ಹೇರಿ ಎರಡು ಪಕ್ಷದವರ ಬೈಗುಳಕ್ಕೂ ಗುರಿಯಾದನು. ಆದರೂ ನವೆಂಬರಿನಲ್ಲಿ ಮೂರನೆಯ ಸಲ ಗೆದ್ದನು. ೧೯೩೫ರಲ್ಲಿ ಶಾಸನಸಭೆ ಅಡಮಾನದ ತಡೆಯನ್ನು ಮತ್ತೆ ಮುಂದುವರಿಸಿತು. ಮಾರನೆಯ ವರ್ಷ ಸೆನೆಟ್ಟಿನ ಚುನಾವಣೆಗೆ ನಿಂತಿದ್ದಾಗಲೇ ಕ್ಯಾನ್ಸರ್ ರೋಗ ಆತನನ್ನು ಕೆಡವಿತು. ೧೯೩೬ನೆಯ ಆಗಸ್ಟ್ ೨೨ರಂದು ರೋಚೆಸ್ಟರಿನಲ್ಲಿ ತೀರಿಕೊಂಡನು, ವಯಸ್ಸು ೪೪.

ಆತ ಬೆಳೆದ ಉತ್ತರ ಮಿನಿಯಾಪೊಲಿಸಿನ ಮೂಲಕ ಹಾಯುವ ಹೆದ್ದಾರಿಗೆ ಸರ್ಕಾರ ಆತನ ಹೆಸರಿಟ್ಟಿದೆ. ಪಕ್ಕದಲ್ಲಿ ಪ್ರತಿಮೆಯೂ ಇದೆ. ಯೆಹೂದ್ಯರೂ ಕರಿಯರೂ ಬಾಳುತ್ತಿದ್ದ ಆರನೆಯ ಬೀದಿಯನ್ನು ಅಗಲಿಸಿ ಆ ಹೆದ್ದಾರಿಯನ್ನು ಮಾಡಿದರು. ಅದಕ್ಕಾಗಿ ಆ ಬೀದಿಯ ಮನೆಗಳನ್ನೂ ಅಂಗಡಿಗಳನ್ನೂ ಕೆಡವಲಾಯಿತು.