ಆಯ್ಕೆಯ ಪಟ್ಟಿಯಲ್ಲಿ ಧಾರವಾಡದ ಬಾಲೂ

ತಂಡಕ್ಕೆ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬ ಚರ್ಚೆ ಆಟದಷ್ಟೇ ಹಳೆಯದು. ಅಮೆರಿಕದ ಬಾಸ್ಕೆಟ್‌ಬಾಲ್ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಹೊಸ ತರುಣರನ್ನು ಆರಿಸಿಕೊಳ್ಳುತ್ತವೆ. ನಮ್ಮಲ್ಲಿ 2008ರಿಂದ ಕ್ರಿಕೆಟಿಗರ ಹರಾಜೇ ನಡೆಯುತ್ತಿದೆ. ಎತ್ತರ, ವಯಸ್ಸು, ಹಿಂದಿನ ವರ್ಷದ ಸಾಧನೆ ಎಲ್ಲವನ್ನೂ ಅಳೆದು ತೂಗಿ ಚಹಾದಂಗಡಿಗಳಲ್ಲಿಯೂ ವಾದ ನಡೆಯುವುದುಂಟು. ಆದರೆ ಒಬ್ಬನ ಆಟದ ವಿಷಯದಲ್ಲಿ ಯಾರಿಗೂ ಸಂದೇಹವಿಲ್ಲದೆ, ಅವನ ಹುಟ್ಟಿನ ಕಾರಣಕ್ಕಾಗಿಯೇ ಇಪ್ಪತ್ತೈದು ವರ್ಷಗಳಿಗೂ ಮೀರಿ ಆಯ್ಕೆಯ ಚರ್ಚೆ ನಡೆದ ಉದಾಹರಣೆ ನಮ್ಮ ದೇಶದಲ್ಲಿಯೇ ಇದೆ. ಆತನೇ ಪಾಲ್ವಣಕರ ಬಾಲೂ.

ಬಾಲೂ ಜನಿಸಿದುದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ಮನೆತನದ ಮೂಲ ಕೊಂಕಣ ಪ್ರಾಂತದ ಪಾಲ್ವಣ ಎಂಬ ಹಳ್ಳಿ, ಮನೆಮಾತು ಕನ್ನಡವಲ್ಲ. ಜಾತಿಯಿಂದ ಚಮ್ಮಾರರು. ಊರಿನ ಬಾವಿ, ದೇವಸ್ಥಾನ, ಪಂಕ್ತಿ ಯಾವುದೂ ಅವರಿಗೆ ಸೇರಿದುದಲ್ಲವೆಂದು ಸಮಾಜ ವಿಧಿಸಿದ್ದ ಕಾಲ ಅದು. ತಂದೆ ಸೈನ್ಯದ ನೌಕರಿಯಲ್ಲಿದ್ದುದರಿಂದ ಬಾಲೂ ಬೆಳೆದುದು ಪುಣೆಯಲ್ಲಿ. ಗೋರಾ ಅಧಿಕಾರಿಗಳು ಆಡಿ ಬಿಟ್ಟ ದಾಂಡು, ಚೆಂಡುಗಳಿಂದಲೇ ಬಾಲೂ ಮತ್ತು ತಮ್ಮಂದಿರು ಕ್ರಿಕೆಟ್ ಕಲಿತರು. ಶಿವರಾಮ, ವಿಠ್ಠಲ, ಗಣಪತ ಎಂಬ ಮೂವರು ತಮ್ಮಂದಿರೂ ಮುಂದೆ ಹೆಸರಾಂತ ಆಟಗಾರರಾದರು.

ಮೂರು ರೂಪಾಯಿಯ ಚಾಕರಿ

ಬಾಲೂವಿನ ಮೊದಲ ಕೆಲಸ ಪುಣೆಯ ಪಾರಸಿಗಳ ಕ್ರಿಕೆಟ್ ಸಂಘದಲ್ಲಿ. ಅಂಗಳ ಗುಡಿಸುವುದು, ಉರುಳೆ ಎಳೆಯುವುದು, ಆಗೊಮ್ಮೆ ಈಗೊಮ್ಮೆ ಸದಸ್ಯರಿಗೆ ಚೆಂಡು ಎಸೆಯುವುದು. ಸಂಬಳ ತಿಂಗಳಿಗೆ ಮೂರು ರೂಪಾಯಿ. 1892ರ ಸುಮಾರಿಗೆ ಐರೋಪ್ಯರ ಪೂನಾ ಕ್ಲಬ್ಬಿಗೆ ಸೇರಿದಾಗ ಅದು ನಾಲ್ಕು ರೂಪಾಯಿಯಾಯಿತು. ಅಲ್ಲಿನ ಗ್ರೆಗ್ ಎಂಬ ಸೇನಾಧಿಕಾರಿ ಆ ಕಾಲದ ಶ್ರೇಷ್ಠ ದಾಂಡಿಗರಲ್ಲೊಬ್ಬನು. ಉಳಿದವರು ಬರುವ ಮುಂಚೆಯೇ ಬಂದು ಬಾಲೂವಿನ ಎಸೆತಕ್ಕೆ ಅಭ್ಯಾಸ ಮಾಡುತ್ತಿದ್ದನು. ತನ್ನನ್ನು ಔಟ್ ಮಾಡಿದ ಪ್ರತಿಸಲವೂ ಎಂಟಾಣೆ ಕೊಡುತ್ತಿದ್ದನೆಂದು ಹೇಳಿಕೆ. ಎಡಗೈಯ ನಿಧಾನ ಎಸೆತ, ಚೆಂಡನ್ನು ಎರಡೂ ಕಡೆಗೆ ತಿರುಗಿಸುವ ಚಾತುರ್ಯ, ನೂರಾರು ಗಂಟೆಗಳ ದುಡಿಮೆಯಿಂದ ಬಂದ ನಿಖರತೆ, ಇವೆಲ್ಲ ಅಲ್ಲಿ ಪಕ್ವವಾದುವು. ಆದರೆ ಆ ಕ್ಲಬ್ಬಿನ ಅಭ್ಯಾಸದಲ್ಲಿ ಬಾಲೂವಿನ ಕೈಗೆ ದಾಂಡು ಕೊಟ್ಟವರಿಲ್ಲ. ದಾಂಡು ಹಿಡಿಯುವುದು ಯಜಮಾನರ ಕೆಲಸ, ಚೆಂಡು ಎಸೆಯುವುದು ಆಳಿನ ಕೆಲಸ ಎಂಬುದು ಅಂದಿನ ಲೆಕ್ಕ.

ಸೇರಿಸಬೇಕೇ, ಬಿಡಬೇಕೇ?

ಪುಣೆಯ ಹಿಂದೂ ಸಂಘದವರಿಗೆ ಪೂನಾ ಕ್ಲಬ್ಬಿನ ಬಿಳಿಯರನ್ನು ಸೋಲಿಸುವ ಆಸೆ. ಅದಕ್ಕೆ ಬಾಲೂ ಬೇಕು. ಆದರೆ ಬಾಲೂವನ್ನು ಸೇರಿಸಿದರೆ ಮಡಿ ಹೋಗುತ್ತದೆ. ಸಂಘದಲ್ಲಿ ದೊಡ್ಡ ವಾದವೆದ್ದಿತು. ಇಲ್ಲಿ ನಮ್ಮ ಓದುಗರು ಗಮನಿಸಬೇಕಾದ ಒಂದು ಸಂಗತಿಯಿದೆ. ಬಾಲೂವನ್ನು ತೆಗೆದುಕೊಳ್ಳಬೇಕೆಂದು ಒತ್ತಾಯಿಸಿದವರು ಸಂಘದಲ್ಲಿದ್ದ ತೆಲುಗು ಸದಸ್ಯರು. ವಿರೋಧಿಸಿದವರು ಸ್ಥಳೀಯ ಮರಾಠಿ ಬ್ರಾಹ್ಮಣರು. ಮರಾಠಿಯ ಪಟ್ಟಣದಲ್ಲಿ ಭಾಷಾ ಅಲ್ಪಸಂಖ್ಯಾತರಾಗಿದ್ದವರೇ ಹೊರಗಿಟ್ಟವನ ಪರವಾಗಿ ಬಾಯಿ ತೆರೆದರು. ತಾವೂ ಆ ಊರಿನಲ್ಲಿ ಒಂದಿಷ್ಟು ಹೊರಗಿನವರಾಗಿದ್ದುದರಿಂದಲೇ ಅವರಿಗೆ ನ್ಯಾಯ ಬೇಗ ಕಂಡಿತೆಂದು ನಾವು ಊಹಿಸಿದರೆ ತಪ್ಪಾಗಲಾರದು. ಅಷ್ಟರಲ್ಲಿ ಗ್ರೆಗ್ ಸಹ, ಬಾಲೂವನ್ನು ಬಿಟ್ಟರೆ ಹಿಂದೂಗಳಿಗೇ ನಷ್ಟವೆಂಬ ಅಭಿಪ್ರಾಯವನ್ನು ಪತ್ರಿಕೆಗೆ ತಿಳಿಸಿದನು. ಕೊನೆಗೆ ಬಾಲೂವಿನ ಹೆಸರು ಪಟ್ಟಿಗೆ ಸೇರಿತು.

ಸೇರಿದುದು ಅಂಗಳಕ್ಕೆ ಮಾತ್ರ. ಬಾಲೂ ಮುಟ್ಟಿದ ಚೆಂಡನ್ನೇ ಹತ್ತು ಮಂದಿ ಸವರ್ಣೀಯರೂ ಮುಟ್ಟುತ್ತಿದ್ದರು. ಅದರಲ್ಲಿ ಮೈಲಿಗೆ ಕಾಣಲಿಲ್ಲ. ಚಹಾದ ವಿರಾಮದಲ್ಲಿ ಮಾತ್ರ ಉಳಿದವರಿಗೆ ಒಳಗೆ ಪಿಂಗಾಣಿ ಬಟ್ಟಲು, ಬಾಲೂವಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ಮೇಜು. ಮುಖ ತೊಳೆಯಲು ನೀರು ಹೊಯ್ಯುವುದಕ್ಕೂ ಅಸ್ಪೃಶ್ಯ ಆಳೇ ಬರಬೇಕಿತ್ತು. ಸಾತಾರೆಯಲ್ಲಿ ಐರೋಪ್ಯರೊಡನೆ ಪಂದ್ಯಾಟ ಗೊತ್ತಾದಾಗ, ಬಾಲೂವಿನ ಚೆಂಡು ತಿರುಗದಂತೆ ಮಾಡಲು ಅವರು ವಾರದ ಕಾಲ ಅಂಗಳಕ್ಕೆ ಉರುಳೆ ಎಳೆಸಿದರೆನ್ನುತ್ತಾರೆ. ಆದರೂ ಬಾಲೂ ಏಳು ಹುದ್ದರಿ ಕಿತ್ತರು. ಊರಿಗೆ ಮರಳಿದಾಗ ಮೆರವಣಿಗೆಯೇ ನಡೆಯಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಸಾರ್ವಜನಿಕವಾಗಿ ಮಾಲೆ ಹಾಕಿ ಗೌರವಿಸಿದರು. ಜತೆಯಲ್ಲಿ ಆಡಬಹುದಾದರೆ ಜತೆಯಲ್ಲಿ ಉಣ್ಣಲು ಏನು ಅಡ್ಡಿ ಎಂಬುದು ಆ ಹಿರಿಯರ ವಾದ.

ಮುಂಬಯಿಯ ಗೆಲುವು

1896ರ ಸುಮಾರಿಗೆ ಬಾಲೂ ಮುಂಬಯಿಗೆ ಬಂದರು. ಅಲ್ಲಿ ಪರಮಾನಂದದಾಸ ಜೀವನದಾಸ ಹಿಂದೂ ಜಿಮಖಾನದಲ್ಲಿ ಮತ್ತೆ ಅದೇ ಚರ್ಚೆ. ಕೆಲವು ಗುಜರಾತಿ ಸದಸ್ಯರು ಬೇಡವೆಂದರು. ನಾಯಕ ಕೀರ್ತಿಕರರು ಹಟ ಹಿಡಿದು ಸೇರಿಸಿಕೊಂಡರು. ಹೊಟ್ಟೆಪಾಡಿಗೆ ರೈಲ್ವೆಯ ನೌಕರಿ, ರೈಲ್ವೆ ತಂಡದಲ್ಲಿಯೂ ಆಟ.

1906ರ ಫೆಬ್ರವರಿಯಲ್ಲಿ ಹಿಂದೂ ತಂಡ ಮುಂಬಯಿಯ ಐರೋಪ್ಯರನ್ನು ಎದುರಿಸಿತು. ಹಿಂದೂಗಳು ಗಳಿಸಿದುದು 242 ಮತ್ತು 160 ಓಟ. ಐರೋಪ್ಯರು 191 ಮತ್ತು 102. ಗೆಲುವಿನ ಅಂತರ 109 ಓಟ. ಎದುರಾಳಿಯ ಎಂಟು ಹುದ್ದರಿಗಳು ಬಾಲೂವಿನ ಪಾಲಾದುವು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಆ ವಾರ್ತೆ ದೇಶದ ಪತ್ರಿಕೆಗಳಲ್ಲೆಲ್ಲ ಹರಡಿತು. ಶಿವರಾಮನೂ ಆ ತಂಡದಲ್ಲಿದ್ದನು. ಹಿಂದೂ ಸಮಾಜ ಸ್ವಾಭಿಮಾನದಿಂದ ಎದೆಯುಬ್ಬಿಸಿದುದು ತಾನೇ ಹೊರಗಿಟ್ಟ ಮನೆಯ ಮಕ್ಕಳ ದುಡಿಮೆಯಿಂದ ಎಂಬುದನ್ನು ಅಂದಿನ ಸುಧಾರಕರು ಎತ್ತಿ ತೋರಿಸಿದರು.

1911ರಲ್ಲಿ ಅಖಿಲ ಭಾರತ ತಂಡ ಮೊದಲ ಬಾರಿಗೆ ಇಂಗ್ಲೆಂಡಿಗೆ ಹೊರಟಿತು. ಇಂಥ ಪ್ರವಾಸದ ಯೋಜನೆ ಹಿಂದೊಮ್ಮೆ, ಯಾವ ಮತದವರಿಗೆ ಎಷ್ಟು ಸ್ಥಾನ ಎಂಬ ಜಗಳದಲ್ಲಿಯೇ ಮುರಿದುಬಿದ್ದಿತ್ತು. ಈ ಸಲ ಪಾರಸಿ, ಹಿಂದೂ, ಮುಸಲ್ಮಾನರನ್ನು ಲೆಕ್ಕ ಹಾಕಿ ಆರಿಸಿ, ಪಟಿಯಾಲಾದ ತರುಣ ಮಹಾರಾಜ ಭೂಪಿಂದರ್ ಸಿಂಗರನ್ನು ನಾಯಕರನ್ನಾಗಿ ಮಾಡಿದರು. ಬಾಲೂ, ಶಿವರಾಮ ಇಬ್ಬರೂ ಹೊರಟರು. ಬೆಂಗಳೂರಿನ ಜಯರಾಮರೂ ತಂಡದಲ್ಲಿದ್ದರು. ಮಹಾರಾಜರು ಆಟಕ್ಕಿಂತ ಔತಣಗಳಲ್ಲಿಯೇ ಹೆಚ್ಚು ಕಾಲ ಕಳೆದರು. ತಂಡ ಸೋತ ಪಂದ್ಯಗಳೇ ಹೆಚ್ಚು. ಆದರೆ ಮೂವತ್ತೈದರ ಬಾಲೂ, ಭುಜದ ನೋವಿದ್ದರೂ, ಪ್ರವಾಸದಲ್ಲಿ ಒಟ್ಟು 114 ಹುದ್ದರಿ ಪಡೆದರು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಎದುರು ಒಂದೇ ಸರದಿಯಲ್ಲಿ 103 ಓಟಗಳಿಗೆ ಎಂಟು. ಮುಂಬಯಿಗೆ ಮರಳಿದಾಗ ದಲಿತ ವರ್ಗದವರು ಸಭೆ ಕೂಡಿ ಸನ್ಮಾನಿಸಿದರು. ಆಗಿನ್ನೂ ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರರಿಗೆ ಬಾಲೂ ಹೆಮ್ಮೆಯ ಪುರುಷರಾಗಿದ್ದರು.

ನಾಯಕತ್ವ ಮಾತ್ರ ಇಲ್ಲ

ಇಷ್ಟು ಸಾಧಿಸಿದವರಿಗೆ ಹಿಂದೂ ತಂಡದ ನಾಯಕತ್ವ ಸಹಜವಾಗಿ ಬರಬೇಕಿತ್ತು. ಬರಲಿಲ್ಲ. 1913ರಲ್ಲಿ ನಾಯಕರಾದ ಮುಕುಂದ ಪೈಯವರು, ಈ ಗೌರವ ಸಲ್ಲಬೇಕಾದುದು ಬಾಲೂವಿಗೆಂದು ಸನ್ಮಾನ ಸಭೆಯಲ್ಲಿಯೇ ಹೇಳಿದರು. ಪತ್ರಿಕೆಗಳಲ್ಲಿ ವಾದಗಳು ನಡೆದುವು. ಆಯ್ಕೆ ಸಮಿತಿ ವರ್ಷ ವರ್ಷವೂ ಬೇರೊಂದು ಹೆಸರನ್ನೇ ಪ್ರಕಟಿಸಿತು.

1920ರಲ್ಲಿ ವಿಷಯ ಬಿಗಡಾಯಿಸಿತು. ನಲವತ್ತನಾಲ್ಕರ ಬಾಲೂವನ್ನು ತಂಡದಿಂದಲೇ ಕೈಬಿಟ್ಟರು. ಪೈಯವರು ಅಸ್ವಸ್ಥರಾದಾಗ ನಾಯಕತ್ವ ವಿಠ್ಠಲ ಅಥವಾ ಶಿವರಾಮನಿಗೆ ಬರಬಹುದೆಂದು ಜನ ನಿರೀಕ್ಷಿಸಿದ್ದರು. ಸಮಿತಿ ಅವರಿಗಿಂತ ಕಿರಿಯರಾದ ಪುಣೆಯ ದಿನಕರ ದೇವಧರರನ್ನು ನೇಮಿಸಿತು. ಸೋದರರಿಬ್ಬರೂ ಆಟಕ್ಕೆ ಇಳಿಯದೆ ಹಿಂದೆ ಸರಿದು, ಜಾತಿಯ ಕಾರಣಕ್ಕೆ ತಮ್ಮನ್ನು ಕಡೆಗಣಿಸಿರುವುದನ್ನು ಹೇಳಿಕೆಯ ಮೂಲಕ ಬಹಿರಂಗಪಡಿಸಿದರು. ದೇವಧರರು ದೊಡ್ಡ ಆಟಗಾರರೇ. ಇಂದಿಗೂ ಅವರ ಹೆಸರಿನ ಟ್ರೋಫಿಯನ್ನು ಓದುಗರು ಬಲ್ಲರು. ಪ್ರಶ್ನೆ ಅವರ ಯೋಗ್ಯತೆಯದಲ್ಲ, ಸಮಿತಿಯ ಅಳತೆಗೋಲಿನದು. ಪಾರಸಿಗಳೊಡನೆ ಅಂತಿಮ ಪಂದ್ಯ ಬಂದಾಗ ರಾಜಿಯಾಯಿತು. ಪೈಯವರು ಮರಳಿ ನಾಯಕರು, ಬಾಲೂ ಉಪನಾಯಕರು, ತಮ್ಮಂದಿರೂ ತಂಡದಲ್ಲಿ. ಪಂದ್ಯದ ನಡುವೆ ಪೈಯವರು ಸ್ವಲ್ಪ ಹೊತ್ತು ಅಂಗಳ ಬಿಟ್ಟು, ಬಾಲೂ ತಂಡವನ್ನು ನಡೆಸುವಂತೆ ಮಾಡಿದರು. ಬಾಲೂವಿನ ಪಾಲಿಗೆ ಬಂದ ನಾಯಕತ್ವ ಅಷ್ಟೇ.

ಆದರೆ ಬಾಗಿಲು ತೆರೆದಿತ್ತು. 1923ರಲ್ಲಿ ವಿಠ್ಠಲನನ್ನು ಹಿಂದೂ ತಂಡದ ನಾಯಕನನ್ನಾಗಿ ಆರಿಸಿದರು. ಆ ವರ್ಷ ಅಂತಿಮ ಪಂದ್ಯದಲ್ಲಿ ಐರೋಪ್ಯರನ್ನು ಸೋಲಿಸಿದಾಗ ಸವರ್ಣೀಯ ತರುಣರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಬಾಲೂ ಮುಂದೆ ಸಾರ್ವಜನಿಕ ಜೀವನಕ್ಕೆ ಬಂದರು. ಪ್ರತ್ಯೇಕ ಮತದಾರ ವರ್ಗದ ಪ್ರಶ್ನೆಯಲ್ಲಿ ಅಂಬೇಡ್ಕರರನ್ನು ಒಪ್ಪದೆ, 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಒಬ್ಬರಾದರು. 1937ರ ಮುಂಬಯಿ ವಿಧಾನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸು ಅಂಬೇಡ್ಕರರ ಎದುರಿಗೆ ಇವರನ್ನೇ ನಿಲ್ಲಿಸಿತು. ಅಂಬೇಡ್ಕರರಿಗೆ 13,245, ಬಾಲೂವಿಗೆ 11,225 ಮತಗಳು ಬಿದ್ದುವು. ಒಂದು ಕಾಲದ ಅಭಿಮಾನಿಯೂ ಅಭಿಮಾನಪಾತ್ರನೂ ಎದುರುಬದುರಾದ ಆ ಸ್ಪರ್ಧೆ ಮನಸ್ಸಿಗೆ ನೋವು ತರುವಂತಹದು. 1955ರ ಜುಲೈ 4ರಂದು ಬಾಲೂ ಮುಂಬಯಿಯಲ್ಲಿ ನಿಧನರಾದರು. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ಹುದ್ದರಿ, ಹುದ್ದರಿಯೊಂದಕ್ಕೆ ಹದಿನೈದು ಓಟಗಳ ಸರಾಸರಿ, ಇದು ಅವರು ಬಿಟ್ಟುಹೋದ ಲೆಕ್ಕ.

ನಮಗೇನು ಸಂಬಂಧ?

ಈ ಕತೆ ಗಡಿನಾಡಿನ ನಮಗೆ ಏಕೆ ಎಂದು ಕೇಳುವವರಿರಬಹುದು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ರಾಯದುರ್ಗ ತಾಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಅನಂತಪುರಕ್ಕೆ ಸೇರಿತು. ಮೂರು ಕಡೆಯಿಂದ ಕರ್ನಾಟಕವೇ ಸುತ್ತುವರಿದಿರುವ ಮಡಕಶಿರಾ ಅನಂತಪುರದಲ್ಲಿಯೇ ಉಳಿದು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಬಂತು. ಅಲ್ಲಿನ ಕನ್ನಡದ ಹುಡುಗ ಆಂಧ್ರದ ಪಟ್ಟಿಯಲ್ಲಿಯೂ ಇಲ್ಲಿನ ಹುಡುಗಿ ಕೇರಳದ ಪಟ್ಟಿಯಲ್ಲಿಯೂ ತಮ್ಮ ಹೆಸರು ಹುಡುಕಬೇಕು. ಆಯ್ಕೆಯ ಸುತ್ತೋಲೆ ಬರುವುದು, ಶಿಬಿರದಲ್ಲಿ ಸೂಚನೆ ಕೊಡುವುದು ಇನ್ನೊಂದು ಭಾಷೆಯಲ್ಲಿ. ಮಾತಿಗೆ ತಡವರಿಸುವ ಮಗು ಓಡಲು ತಡವರಿಸುವುದಿಲ್ಲ ಎಂಬುದನ್ನು ಆರಿಸುವವರು ಕಾಣಬೇಕು.

ಆದರೆ ನ್ಯಾಯ ಕೇಳುವವರು ನ್ಯಾಯ ಕೊಡಲೂ ಕಲಿಯಬೇಕು. ನಮ್ಮ ಶಾಲೆಯ, ನಮ್ಮ ಯುವಕ ಸಂಘದ ತಂಡವನ್ನು ನಾವೇ ಆರಿಸುವಾಗ ಕಾಲೊನಿಯ ಹುಡುಗನ ಹೆಸರನ್ನು ಎಷ್ಟನೆಯದಾಗಿ ಬರೆಯುತ್ತೇವೆ? ನಾಯಕನನ್ನು ಗೊತ್ತುಮಾಡುವಾಗ ಆ ಹೆಸರು ನಮಗೆ ನೆನಪಾಗುತ್ತದೆಯೇ? ಪುಣೆಯ ಆ ತೆಲುಗು ಸದಸ್ಯರ ಹೆಸರುಗಳು ಇಂದು ಜನರ ನಾಲಗೆಯ ಮೇಲಿಲ್ಲ. ಅವರು ಮಾಡಿದ ಒಂದು ಆಯ್ಕೆ ಮಾತ್ರ ಉಳಿದಿದೆ. ಅಲ್ಪಸಂಖ್ಯಾತರಾಗಿ ಬಾಳುವವರು ಲೋಕಕ್ಕೆ ಕೊಡಬಹುದಾದ ಕಾಣಿಕೆ ಯಾವುದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತಿಳಿಯದು.