ಐಸ್‌ಲ್ಯಾಂಡ್‌ನಲ್ಲಿ ಸಿಡಿದ ಜ್ವಾಲಾಮುಖಿ, ದೆಹಲಿಯಲ್ಲಿ ಘೋರ ಬರ: ಬಾದಶಹ ಎರಡನೇ ಷಾ ಆಲಂನ ದುರಂತ ಕಥೆ

ನವದೆಹಲಿ: 2025ರ ನವೆಂಬರ್‌ನಲ್ಲಿ ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿಯ ಬೂದಿ ಮೋಡ ದೆಹಲಿಯ ಆಕಾಶದವರೆಗೂ ಬಂದಾಗ ವಿಮಾನಗಳು ರದ್ದಾದವು, ಜನ ಅಚ್ಚರಿಪಟ್ಟರು. ಆದರೆ ದೂರದ ಜ್ವಾಲಾಮುಖಿಯ ಬಿಸಿ ದೆಹಲಿಗೆ ತಟ್ಟಿದ್ದು ಅದೇ ಮೊದಲಲ್ಲ. 1783ರಲ್ಲಿ ಐಸ್‌ಲ್ಯಾಂಡ್‌ನ ಲಾಕಿ ಸಿಡಿದಾಗ ಕೆಂಪುಕೋಟೆಯಲ್ಲಿದ್ದವನು ಮೊಘಲ್ ಬಾದಶಹ ಎರಡನೇ ಷಾ ಆಲಂ.

ಅಲೆಮಾರಿ ರಾಜಕುಮಾರ

1728ರಲ್ಲಿ ಜನಿಸಿದ ಈತನ ಮೊದಲ ಹೆಸರು ಅಲಿ ಗೌಹರ್. ತಂದೆ ಎರಡನೇ ಆಲಂಗೀರ್ ಹೆಸರಿಗಷ್ಟೇ ಬಾದಶಹ. ಅಧಿಕಾರವೆಲ್ಲ ವಜೀರನ ಕೈಯಲ್ಲಿತ್ತು. ವಜೀರನಿಗೆ ಹೆದರಿ 1758ರಲ್ಲಿ ರಾಜಕುಮಾರ ದೆಹಲಿ ಬಿಟ್ಟು ಓಡಿದ. ಮರುವರ್ಷ ತಂದೆಯ ಕೊಲೆಯಾಯಿತು. ದೂರದ ಬಿಹಾರದಲ್ಲಿದ್ದ ಮಗ ಅಲ್ಲಿಯೇ ಬಾದಶಹನೆಂದು ಘೋಷಿಸಿಕೊಂಡ.

1764ರ ಬಕ್ಸರ್ ಯುದ್ಧದಲ್ಲಿ ಅವನ ಕಡೆಯವರು ಈಸ್ಟ್ ಇಂಡಿಯಾ ಕಂಪನಿಯ ಎದುರು ಸೋತರು. ಮರುವರ್ಷದ ಅಲಹಾಬಾದ್ ಒಪ್ಪಂದದಲ್ಲಿ ವಾರ್ಷಿಕ 26 ಲಕ್ಷ ರೂಪಾಯಿಗೆ ಬಂಗಾಳ, ಬಿಹಾರ, ಒಡಿಶಾದ ಕಂದಾಯ ವಸೂಲಿ ಹಕ್ಕನ್ನು ಕಂಪನಿಗೆ ಕೊಟ್ಟ. ಕೆಲವೇ ವರ್ಷಗಳಲ್ಲಿ ಕಂಪನಿ ಆ ಹಣವನ್ನೂ ನಿಲ್ಲಿಸಿತು. 1772ರ ಜನವರಿಯಲ್ಲಿ ಮರಾಠರ ನೆರವಿನಿಂದ ದೆಹಲಿಗೆ ಮರಳಿದಾಗ ಅವನ ಬೊಕ್ಕಸ ಬರಿದಾಗಿತ್ತು.

ಲಾಕಿ ಸಿಡಿದಾಗ ಏನಾಯಿತು?

1783ರ ಜೂನ್ 8ರಂದು ಐಸ್‌ಲ್ಯಾಂಡ್‌ನಲ್ಲಿ ಸುಮಾರು 27 ಕಿ.ಮೀ. ಉದ್ದಕ್ಕೆ ನೆಲ ಬಿರಿದು ಲಾವಾ ಉಕ್ಕಿತು. ಎಂಟು ತಿಂಗಳು ಅದು ನಿಲ್ಲಲಿಲ್ಲ. ಸುಮಾರು 12 ಕೋಟಿ ಟನ್ ಸಲ್ಫರ್ ಡೈಆಕ್ಸೈಡ್ ಗಾಳಿಗೆ ಸೇರಿತು. ವಿಷಗಾಳಿಗೆ ಹುಲ್ಲು ಕೆಟ್ಟು ಜಾನುವಾರು ಸತ್ತವು. ಹಸಿವಿನಿಂದ ಆ ದೇಶದ ಐದನೇ ಒಂದು ಭಾಗದಷ್ಟು ಜನ ಸತ್ತರು.

ಬೇಸಿಗೆಯಲ್ಲಿ ನೆಲ ಸಮುದ್ರಕ್ಕಿಂತ ಹೆಚ್ಚು ಕಾದರೆ ಮಾತ್ರ ಮುಂಗಾರು ಗಾಳಿ ಬಲವಾಗಿ ಒಳನಾಡಿಗೆ ಬೀಸುತ್ತದೆ. ಲಾಕಿಯ ಗಂಧಕದ ಮುಸುಕು ಬಿಸಿಲನ್ನು ತಡೆದು ಉತ್ತರದ ಭೂಭಾಗವನ್ನು ತಂಪಾಗಿಸಿತು. ಇದರಿಂದ ಆಫ್ರಿಕಾ ಮತ್ತು ಭಾರತದ ಮುಂಗಾರು ಸೊರಗಿತು ಎಂದು 2006ರಲ್ಲಿ ವಿಜ್ಞಾನಿಗಳು ಕಂಪ್ಯೂಟರ್ ಮಾದರಿಗಳ ಮೂಲಕ ತೋರಿಸಿದರು. ಎಲ್ ನಿನೊದಿಂದಲೂ ಆ ವರ್ಷಗಳಲ್ಲಿ ಮಳೆ ಏರುಪೇರಾಗಿದ್ದುದರಿಂದ ಪೂರ್ತಿ ಹೊಣೆಯನ್ನು ಜ್ವಾಲಾಮುಖಿಯ ಮೇಲೆ ಹೊರಿಸುವಂತಿಲ್ಲ.

ನಲವತ್ತರ ಬರ

ದೆಹಲಿ, ಇಂದಿನ ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನದಲ್ಲಿ ಬೆಳೆ ಕೈಕೊಟ್ಟಿತು. ಅದು ವಿಕ್ರಮ ಸಂವತ್ 1840. ಹಾಗಾಗಿ ಜನ ಅದನ್ನು ಚಾಲೀಸಾ, ಅಂದರೆ ನಲವತ್ತರ ಬರ ಎಂದು ಕರೆದರು. 1791-92ರ ಬರ ಉತ್ತರ ಕರ್ನಾಟಕದವರ ಬಾಯಲ್ಲಿ ಡೋಗಿ ಬರ ಆದಂತೆ. ರೋಹ್ಟಕ್, ಹಿಸಾರ್ ಸೀಮೆಯಲ್ಲಿ ಹಳ್ಳಿಗಳೇ ಪಾಳುಬಿದ್ದವು. ಇದಕ್ಕೂ ಮುಂಚಿನ ದಕ್ಷಿಣ ಭಾರತದ ಬರವನ್ನೂ ಸೇರಿಸಿದರೆ 1.1 ಕೋಟಿಯವರೆಗೆ ಜನ ಸತ್ತಿರಬಹುದೆಂಬ ಅಂದಾಜಿದೆ. ಅತ್ಯಂತ ಭೀಕರ ಸ್ಫೋಟಗಳಲ್ಲೊಂದಾದ 1883ರ ಕ್ರಕಟೋವಾದಲ್ಲಿ ಸತ್ತವರು ಸುಮಾರು 36 ಸಾವಿರ.

ಬಾದಶಹ ಏನು ಮಾಡಬಹುದಿತ್ತು? ರಾಜ್ಯವನ್ನು ಹಿಡಿದು ನಿಲ್ಲಿಸಿದ್ದ ಸೇನಾಪತಿ ಮಿರ್ಜಾ ನಜಫ್ ಖಾನ್ 1782ರಲ್ಲೇ ತೀರಿಕೊಂಡಿದ್ದ. ಜನ ಹಸಿವಿನಿಂದ ಸಾಯುವಾಗ ಅವನ ಸರದಾರರು ಅಧಿಕಾರಕ್ಕಾಗಿ ಕಾದಾಡುತ್ತಿದ್ದರು. ಮಳೆ ಹೋದದ್ದು ಪ್ರಕೃತಿಯಿಂದ. ಧಾನ್ಯ ತಂದು ಹಂಚಬಲ್ಲ ಸರ್ಕಾರವೇ ಇಲ್ಲದಿದ್ದದ್ದು ಮನುಷ್ಯರಿಂದ. 1784ರ ಕೊನೆಗೆ ಷಾ ಆಲಂ ಆಡಳಿತವನ್ನು ಮರಾಠಾ ನಾಯಕ ಮಹಾದಜಿ ಶಿಂಧೆಗೆ ಒಪ್ಪಿಸಿದ.

ಕಣ್ಣು ಕಳೆದುಕೊಂಡ ಬಾದಶಹ

1788ರಲ್ಲಿ ರೋಹಿಲ್ಲಾ ಸರದಾರ ಗುಲಾಂ ಖಾದಿರ್ ಕೆಂಪುಕೋಟೆಗೆ ನುಗ್ಗಿದ. ಇಲ್ಲದ ನಿಧಿಗಾಗಿ ಅರಮನೆಯ ನೆಲ ಅಗೆಸಿದ, ಬಾದಶಹನ ಕಣ್ಣು ಕೀಳಿಸಿದ. ಐದು ವರ್ಷಗಳ ಹಿಂದೆ ಕೋಟೆಯ ಹೊರಗಿದ್ದ ಹಸಿವು ಈಗ ಒಳಗೂ ಬಂತು. ರಾಜಮನೆತನದ ಹೆಂಗಸರು, ಮಕ್ಕಳು ಅನ್ನವಿಲ್ಲದೆ ನರಳಿದರು. ಮಹಾದಜಿಯ ಸೇನೆ ಬಂದು ಬಿಡಿಸಿತು.

ಅಫ್ತಾಬ್, ಅಂದರೆ ಸೂರ್ಯ ಎಂಬ ಕಾವ್ಯನಾಮದಲ್ಲಿ ಕವಿತೆ ಬರೆಯುತ್ತಿದ್ದ ಷಾ ಆಲಂ ಉಳಿದ ಆಯುಷ್ಯವನ್ನು ಕತ್ತಲಲ್ಲೇ ಕಳೆದ. 1803ರಲ್ಲಿ ಪಟ್ಪರ್‌ಗಂಜ್ ಬಳಿ ಮರಾಠರನ್ನು ಸೋಲಿಸಿದ ಬ್ರಿಟಿಷರು ಅವನನ್ನು ಪಿಂಚಣಿದಾರನನ್ನಾಗಿಸಿದರು. ಆ ಯುದ್ಧದ ಸ್ಮಾರಕ ಇಂದು ನೊಯ್ಡಾದ ಗಾಲ್ಫ್ ಮೈದಾನದಲ್ಲಿದೆ. 1806ರ ನವೆಂಬರ್ 19ರಂದು ತೀರಿಕೊಂಡ ಬಾದಶಹನ ಸಮಾಧಿ ಮೆಹ್ರೌಲಿಯಲ್ಲಿದೆ.

ಷಾ ಆಲಂನ ರಾಜ್ಯ ದೆಹಲಿಯಿಂದ ಪಾಲಂವರೆಗೆ ಮಾತ್ರ ಎಂದು ಜನ ಆಡಿಕೊಳ್ಳುತ್ತಿದ್ದರು. 2025ರ ನವೆಂಬರ್‌ನಲ್ಲಿ ಬೂದಿ ಮೋಡದಿಂದಾಗಿ ಪ್ರಯಾಣಿಕರು ಕಾದು ಕುಳಿತ ವಿಮಾನ ನಿಲ್ದಾಣ ಇರುವುದು ಅದೇ ಪಾಲಂನಲ್ಲಿ.